ಮಕ್ಕಳ ಪಾಲಿನ ಸಾರ್ವಜನಿಕ ಹಣ ಮತ್ತು ಅದರ ರಕ್ಷಣೆ: ಬಾಲಾನಗರವನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ವಿವೇಚನೆ

1. ಪ್ರಸ್ತಾವನೆ

ಹೈದರಾಬಾದಿನ ವಾಯವ್ಯ ಭಾಗದಲ್ಲಿರುವ ಬಾಲಾನಗರವು ಕನ್ನಡ ಅಧ್ಯಯನದ ಭೂಪಟದಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಸ್ಥಳವಲ್ಲ. ಅಲ್ಲಿ ಶಾಸನಗಳಿಲ್ಲ, ಮಠಗಳಿಲ್ಲ, ಹೆಸರಾಂತ ಕವಿಗಳ ನೆಲೆಯೂ ಅದಲ್ಲ. ಅದು ಕಾರ್ಖಾನೆಗಳ ಊರು. ಆದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ದುಡಿಮೆಯನ್ನು ಅರಸಿ ಹೈದರಾಬಾದಿಗೆ ಹೊರಡುವ ಕುಟುಂಬಗಳಿಗೆ ಇಂತಹ ಕೈಗಾರಿಕಾ ಉಪನಗರಗಳೇ ಮೊದಲ ಬಾಗಿಲು. ಆ ಕುಟುಂಬಗಳ ಮಕ್ಕಳ ಆಹಾರ, ಅಕ್ಷರ ಮತ್ತು ಕಸುಬಿಗೆ ಸರ್ಕಾರವು ವೆಚ್ಚ ಮಾಡುವ ಹಣ ಯಾವ ಆಧಾರದ ಮೇಲೆ ನಿಂತಿದೆ, ಅದನ್ನು ಕಾಪಾಡುವವರು ಯಾರು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಹಣವನ್ನು ಕೊಡುವುದು ಒಂದು ಕಾರ್ಯ, ಕೊಟ್ಟದ್ದು ಉಳಿಯುವಂತೆ ನೋಡಿಕೊಳ್ಳುವುದು ಇನ್ನೊಂದು. ಶಿಕ್ಷಣದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಮೊದಲನೆಯದನ್ನು ಗಮನಿಸಿದ್ದಾರೆ. ಎರಡನೆಯದರ ಇತಿಹಾಸವೂ ಅಷ್ಟೇ ಹಳೆಯದು. ಹಿಂದಿನ ಹೈದರಾಬಾದ್ ಸಂಸ್ಥಾನದ ಕನ್ನಡ ಪ್ರದೇಶದಲ್ಲಿ ಅದಕ್ಕೆ ಸಾವಿರ ವರ್ಷಗಳ ಸಾಕ್ಷ್ಯವಿದೆ. ಆದ್ದರಿಂದ ಬಾಲಾನಗರಕ್ಕೆ ಬರುವ ಮುನ್ನ ಆ ಪೂರ್ವೇತಿಹಾಸವನ್ನು ಸಂಕ್ಷಿಪ್ತವಾಗಿ ನೋಡುವುದು ಅವಶ್ಯಕ.

2. ದತ್ತಿಯ ಕಾಲ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ಕ್ಕೆ ಸೇರಿದ್ದು. ಅರಸನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ಐನೂರು ನಿವರ್ತನ ಭೂಮಿಯನ್ನು ಬಿಟ್ಟುದಾಗಿಯೂ, ದೀಪದ ವೆಚ್ಚಕ್ಕೆಂದು ಪ್ರತ್ಯೇಕವಾಗಿ ಹನ್ನೆರಡು ನಿವರ್ತನಗಳನ್ನು ಇಟ್ಟುದಾಗಿಯೂ, ದೂರದೂರದಿಂದ ಬಂದ ವಿದ್ಯಾರ್ಥಿಗಳ ವಸತಿಗೆ ಇಪ್ಪತ್ತೇಳು ನಿವೇಶನಗಳನ್ನು ಒದಗಿಸಿದುದಾಗಿಯೂ ಅದರಿಂದ ತಿಳಿಯುತ್ತದೆ. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದ ಅಂಶ ಮತ್ತೊಂದಿದೆ. ಊರಿನಲ್ಲಿ ನಡೆಯುವ ಪ್ರತಿಯೊಂದು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಗೊತ್ತುಪಡಿಸಿದ ಮೊತ್ತವನ್ನು ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯೂ ಅಲ್ಲಿತ್ತು. ಇಂದಿನ ಮಾತಿನಲ್ಲಿ ಇದು ವಿದ್ಯೆಗಾಗಿಯೇ ಮೀಸಲಾದ ಉಪಕರ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನ ಇನ್ನೂ ದೊಡ್ಡದು. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನನು ಏರ್ಪಡಿಸಿದ ಈ ವಿದ್ಯಾಕೇಂದ್ರದ 1058ರ ಶಾಸನವು ವೇದಾಧ್ಯಯನದ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನದ ಸುಮಾರು ಐವತ್ತು ವಿದ್ಯಾರ್ಥಿಗಳು, ಅವರ ಉಪಾಧ್ಯಾಯರು ಮತ್ತು ಆರು ಮಂದಿ ಸರಸ್ವತೀ ಭಂಡಾರಿಗರ ಜೀವಿತಕ್ಕೆ ಮಾಡಿದ ವ್ಯವಸ್ಥೆಯನ್ನು ವಿವರಿಸುತ್ತದೆ. ನಾಗಾವಿಯ ಶಾಸನಗಳನ್ನು 1928ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯೇ ಪ್ರಕಟಿಸಿತೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಈ ದತ್ತಿಗಳಿಗೆ ಎರಡು ಬಗೆಯ ರಕ್ಷಣೆಯಿತ್ತು. ಮೊದಲನೆಯದಾಗಿ, ದತ್ತಿಯು ನಾಣ್ಯರೂಪದಲ್ಲಿರದೆ ಭೂಮಿಯ ರೂಪದಲ್ಲಿತ್ತು. ಅರಸನ ಬೊಕ್ಕಸ ಬರಿದಾದರೂ ಹೊಲದ ಬೆಳೆ ಶಾಲೆಗೆ ಸಲ್ಲುತ್ತಿತ್ತು. ಎರಡನೆಯದಾಗಿ, ದತ್ತಿಯನ್ನು ಕಲ್ಲಿನಲ್ಲಿ ಕೆತ್ತಿ ಊರ ನಡುವೆ ನಿಲ್ಲಿಸುವುದು, ಅದನ್ನು ಅಳಿದವನಿಗೆ ಪಾಪ ತಗಲುವುದೆಂಬ ಶಾಪವಚನದಿಂದ ಮುಗಿಸುವುದು ವಾಡಿಕೆಯಾಗಿತ್ತು. ಶಾಪಾಶಯವನ್ನು ಕೇವಲ ಧಾರ್ಮಿಕ ಅಲಂಕಾರವೆಂದು ಭಾವಿಸುವುದು ಸರಿಯಲ್ಲ. ಮುಂದಿನ ಅರಸನನ್ನು ಬಂಧಿಸುವ ನ್ಯಾಯಾಲಯವಿಲ್ಲದ ಕಾಲದಲ್ಲಿ ಮುಂದಿನ ಅರಸನಿಗೆ ಹಾಕಬಹುದಾಗಿದ್ದ ಕಟ್ಟು ಅದೊಂದೇ. ಈ ವ್ಯವಸ್ಥೆಯ ಮಿತಿಯನ್ನೂ ಹೇಳಲೇಬೇಕು. ರಕ್ಷಣೆ ಬಲವಾಗಿತ್ತು, ರಕ್ಷಿತರ ವಲಯ ಮಾತ್ರ ಕಿರಿದಾಗಿತ್ತು. ದತ್ತಿಯ ಅನ್ನವುಂಡವರು ಒಂದೇ ವರ್ಣದ ಗಂಡುಮಕ್ಕಳು. ಹೊಲವನ್ನು ಉತ್ತು ಆ ಅನ್ನವನ್ನು ಬೆಳೆದವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಿರಲಿಲ್ಲ.

3. ಸಂಸ್ಥಾನದ ಕಾಲ

ನಿಜಾಮ ಸಂಸ್ಥಾನದಲ್ಲಿ ಕನ್ನಡಿಗರ ಪ್ರಮಾಣ ಜನಸಂಖ್ಯೆಯ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಾಗಿತ್ತು. ಅವರು ಬಹುಮಟ್ಟಿಗೆ ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳಲ್ಲಿ ನೆಲಸಿದ್ದರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿತು. ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸುವ ಈ ಸಾಹಸಕ್ಕೆ, ಅದರ ಭಾಷಾಂತರ ವಿಭಾಗಕ್ಕೆ, ಸರ್ಕಾರ ಉದಾರವಾಗಿ ವೆಚ್ಚ ಮಾಡಿತು. ಪ್ರಯೋಗದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ದೇಶಭಾಷೆಯ ಪರವಾದ ವಾದವನ್ನು ಅಷ್ಟು ದೃಢವಾಗಿ ಮಂಡಿಸಿದ ಅದೇ ಸರ್ಕಾರ ತನ್ನ ಬಹುಸಂಖ್ಯಾತ ಪ್ರಜೆಗಳ ಭಾಷೆಗಳಾದ ತೆಲುಗು, ಮರಾಠಿ, ಕನ್ನಡಗಳನ್ನು ಕೆಳಹಂತದ ತರಗತಿಗಳ ಆಚೆ ಬೆಳೆಯಗೊಡಲಿಲ್ಲ. ಖಾಸಗಿ ಶಾಲೆಯನ್ನು ತೆರೆಯುವುದಕ್ಕೂ ಸರ್ಕಾರದ ಪೂರ್ವಾನುಮತಿ ಬೇಕಾಗಿತ್ತು. 1907ರಲ್ಲಿ ಗುಲಬರ್ಗಾದಲ್ಲಿ ಆರಂಭವಾದ ನೂತನ ವಿದ್ಯಾಲಯದಂತಹ ಸಂಸ್ಥೆಗಳು ಜನರ ಚಂದಾ ಹಣದ ಮೇಲೆ ನಿಂತವು. ರಾಜಧಾನಿಯಲ್ಲಿಯೂ ಕನ್ನಡಿಗರು ತಮ್ಮ ಮಕ್ಕಳಿಗಾಗಿ ಕಾಚಿಗುಡದ ನೃಪತುಂಗ ಶಾಲೆಯನ್ನು ಕಟ್ಟಿಕೊಂಡರು.

ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನವು 1913ರ ಪ್ರಾಥಮಿಕ ಶಿಕ್ಷಣದ ಶಾಸನದ ಮೂಲಕ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದಿತ್ತು. ಎರಡು ಸಂಸ್ಥಾನಗಳ ವೆಚ್ಚದ ಧೋರಣೆಯ ಫಲವನ್ನು 1951ರ ಜನಗಣತಿ ತೋರಿಸಿಕೊಟ್ಟಿತು. ಮೈಸೂರಿನಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಜನ ಅಕ್ಷರಸ್ಥರಾಗಿದ್ದರೆ ಹೈದರಾಬಾದಿನಲ್ಲಿ ಆ ಸಂಖ್ಯೆ ಹತ್ತನ್ನು ಮುಟ್ಟಿರಲಿಲ್ಲ. 1956ರ ಏಕೀಕರಣದಲ್ಲಿ ಕನ್ನಡ ಜಿಲ್ಲೆಗಳು ಕರ್ನಾಟಕಕ್ಕೆ ಸೇರಿದಾಗ ಈ ಅಂತರವೂ ಅವುಗಳೊಂದಿಗೆ ಬಂದಿತು. ಹೈದರಾಬಾದ್ ನಗರದಲ್ಲಿ ಉಳಿದ ಕನ್ನಡಿಗರು ಒಂದೇ ದಿನದಲ್ಲಿ ಭಾಷಾ ಅಲ್ಪಸಂಖ್ಯಾತರಾದರು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಇಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳಿತು. ಹಣದ ಹೊಣೆ ಯಾರದೆಂಬುದನ್ನು ಅದು ಹೇಳಲಿಲ್ಲ.

4. ಬಾಲಾನಗರ: ಯುವಜನರ ಮೇಲೆ ಹೂಡಿದ ಹಣ

ಬಾಲಾನಗರದ ಆಧುನಿಕ ಚರಿತ್ರೆ 1960ರ ದಶಕದಲ್ಲಿ ಮೊದಲಾಗುತ್ತದೆ. 1961ರಲ್ಲಿ ನೋಂದಣಿಯಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯು ಸೋವಿಯತ್ ನೆರವಿನಿಂದ ತನ್ನ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ಇಲ್ಲಿ ಕಟ್ಟಿತು. 1965ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿದ್ಯುನ್ಮಾನ ಘಟಕ ಬಂದಿತು. 1968ರಲ್ಲಿ ಭಾರತ ಸರ್ಕಾರವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಾಗೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಹಕಾರದೊಡನೆ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆಯನ್ನು ಸ್ಥಾಪಿಸಿತು. ಮೊದಲಿನ ಎರಡು ಸಂಸ್ಥೆಗಳು ಸರಕನ್ನು ತಯಾರಿಸಲು ಹುಟ್ಟಿದವು. ಮೂರನೆಯದರ ಮುಖ್ಯ ಉತ್ಪನ್ನ ನುರಿತ ಯುವಕರು.

ಟೂಲ್ ರೂಮಿನ ಕೆಲಸದ ಸ್ವರೂಪವನ್ನು ಇಲ್ಲಿ ವಿವರಿಸುವುದು ಉಚಿತ. ಪ್ಲಾಸ್ಟಿಕ್ ಬಕೆಟ್ಟಿನಿಂದ ವಿಮಾನದ ಬಿಡಿಭಾಗದವರೆಗೆ ಒಂದೇ ಆಕಾರದ ಸಾವಿರಾರು ವಸ್ತುಗಳನ್ನು ಮಾಡಬೇಕಾದರೆ ಮೊದಲು ಅವುಗಳ ಅಚ್ಚು, ಡೈ, ಜಿಗ್, ಫಿಕ್ಸ್ಚರ್‌ಗಳು ಸಿದ್ಧವಾಗಬೇಕು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯಲ್ಲಿ ಉಕ್ಕನ್ನು ಕೊರೆಯುವ ಈ ಕಸುಬು ಪುಸ್ತಕದಿಂದ ಬರುವುದಿಲ್ಲ. ಹಲವು ವರ್ಷ ಯಂತ್ರದ ಮುಂದೆ ನಿಂತು ಕೈಗೆ ರೂಢಿಯಾಗಬೇಕು. ಕಲಿಯುವವನು ಲೋಹವನ್ನು ಕೆಡಿಸುತ್ತಾನೆ, ಬೆಲೆಬಾಳುವ ಯಂತ್ರದ ಸಮಯವನ್ನು ಬಳಸುತ್ತಾನೆ. ಸಣ್ಣ ಕಾರ್ಖಾನೆಯ ಮಾಲೀಕನಿಗೆ ಇದು ಭಾರ. ಅಷ್ಟು ಖರ್ಚು ಮಾಡಿ ಕಲಿಸಿದ ಹುಡುಗನನ್ನು ಪಕ್ಕದ ಕಾರ್ಖಾನೆಯವನು ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯಬಹುದು. ಆದಕಾರಣ ಎಲ್ಲರಿಗೂ ಬೇಕಾದ ಈ ತರಬೇತಿಗೆ ಯಾವೊಬ್ಬನೂ ಹಣ ಹೂಡುವುದಿಲ್ಲ. ಸಾರ್ವಜನಿಕ ಹಣದ ಅಗತ್ಯ ಹುಟ್ಟುವುದು ಇಲ್ಲಿಯೇ. ಇದೇ ಕಾರಣದಿಂದ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಆರಂಭವಾಯಿತು.

ಬಾಲಾನಗರದ ಔಷಧ ಕಾರ್ಖಾನೆಯೂ ತನ್ನ ಉದ್ದೇಶವನ್ನು ಮೀರಿ ಒಂದು ಶಾಲೆಯಾಯಿತು. ಸಂಶೋಧಕರಾಗಿ ಅಲ್ಲಿಗೆ ಬಂದ ಕೆ. ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ ಸ್ಥಾಪಿಸಿದುದು ಸುಪ್ರಸಿದ್ಧ. ಹೈದರಾಬಾದ್ ಔಷಧೋದ್ಯಮದ ನಗರವೆನಿಸಲು ಈ ಸಾರ್ವಜನಿಕ ಕಾರ್ಖಾನೆಯಲ್ಲಿ ಪಳಗಿದವರ ಅನುಭವ ಒಂದು ಮುಖ್ಯ ಕಾರಣ. ಆದರೆ ಕಾರ್ಖಾನೆಯ ಲೆಕ್ಕಪತ್ರದಲ್ಲಿ ಈ ಲಾಭಕ್ಕೆ ಅಂಕಣವಿರಲಿಲ್ಲ. 1992ರಲ್ಲಿ ಸಂಸ್ಥೆಯನ್ನು ರೋಗಗ್ರಸ್ತವೆಂದು ಘೋಷಿಸಲಾಯಿತು. 2016ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಅದನ್ನು ಮುಚ್ಚುವ ತೀರ್ಮಾನ ಕೈಗೊಂಡಿತು. ಟೂಲ್ ಡಿಸೈನ್ ಸಂಸ್ಥೆ ಉಳಿದು ಬೆಳೆಯಿತು. ತರಬೇತಿಯ ಶುಲ್ಕ ಮತ್ತು ಕೈಗಾರಿಕೆಗಳಿಗೆ ಮಾಡಿಕೊಡುವ ಕೆಲಸದ ಆದಾಯ ಅದಕ್ಕೆ ಸ್ವಂತ ಕಾಲು ಕೊಟ್ಟವು. ಈ ಉಳಿವಿಗೂ ಒಂದು ಬೆಲೆಯಿದೆ. ಶುಲ್ಕದ ಮೇಲೆ ನಿಲ್ಲುವ ತರಬೇತಿ ಮೊದಲು ಕೈಬಿಡುವುದು ಶುಲ್ಕ ತೆರಲಾರದ ಹುಡುಗನನ್ನು.

ಶಿಶಿಕ್ಷುಗಳ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. 1961ರ ಶಿಶಿಕ್ಷು ಅಧಿನಿಯಮವು ಕಾರ್ಖಾನೆಗಳು ನಿರ್ದಿಷ್ಟ ಪ್ರಮಾಣದಲ್ಲಿ ಯುವಕರನ್ನು ತರಬೇತಿಗೆ ತೆಗೆದುಕೊಳ್ಳಬೇಕೆಂದು ವಿಧಿಸಿತು. ಕಾನೂನು ಇಂದಿಗೂ ಇದೆ. ಆದರೆ ಶಿಶಿಕ್ಷುವಿನ ಸ್ಥಾನ ಕಾರ್ಖಾನೆಯ ಬಾಗಿಲಿಗೆ ಕಟ್ಟಿದ್ದು. ಬಾಗಿಲು ಮುಚ್ಚಿದ ದಿನ ಸ್ಥಾನವೂ ಇಲ್ಲವಾಗುತ್ತದೆ.

5. ಹದಿನಾಲ್ಕರ ಗೆರೆ

ಮಗುವಿನ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು ನಿರೂಪಿಸಿದ ಎರಡು ಪ್ರಸಿದ್ಧ ಮೊಕದ್ದಮೆಗಳು ಈ ಸೀಮೆಯವೇ. 1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದ್ದು, 1993ರ ಉನ್ನಿಕೃಷ್ಣನ್ ಪ್ರಕರಣ ಆಂಧ್ರಪ್ರದೇಶದ್ದು. ವೃತ್ತಿಶಿಕ್ಷಣದ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕದಿಂದ ಹುಟ್ಟಿದ ವ್ಯಾಜ್ಯಗಳು ಪ್ರಾಥಮಿಕ ಶಿಕ್ಷಣದ ಹಕ್ಕನ್ನು ಸ್ಥಾಪಿಸುವಲ್ಲಿ ಕೊನೆಗೊಂಡವು. ಎರಡನೆಯ ತೀರ್ಪಿನ ಪ್ರಕಾರ ಹದಿನಾಲ್ಕು ವರ್ಷ ತುಂಬುವವರೆಗೆ ಉಚಿತ ಶಿಕ್ಷಣ ಪ್ರತಿ ಮಗುವಿನ ಹಕ್ಕು. ಆ ಬಳಿಕ ಅದು ರಾಜ್ಯದ ಆರ್ಥಿಕ ಸಾಮರ್ಥ್ಯಕ್ಕೆ ಒಳಪಟ್ಟದ್ದು. 2002ರ 86ನೆಯ ತಿದ್ದುಪಡಿಯಿಂದ ಸೇರಿದ 21ಎ ಅನುಚ್ಛೇದವೂ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಅಧಿನಿಯಮವೂ ಇದೇ ಗೆರೆಯನ್ನು ಸ್ಥಿರಪಡಿಸಿದವು.

ಈ ಗೆರೆ ಬಾಲಾನಗರದಂತಹ ಊರಿನ ಬದುಕನ್ನು ಎರಡಾಗಿ ಸೀಳುತ್ತದೆಂಬುದು ನಮ್ಮ ಅಭಿಪ್ರಾಯ. ಹತ್ತು ವರ್ಷದ ಹುಡುಗಿಯ ಶಾಲೆ ಮತ್ತು ಊಟ ಆಕೆಯ ಹಕ್ಕು. ಅದಕ್ಕಾಗಿ ನ್ಯಾಯಾಲಯದ ಕದ ತಟ್ಟಬಹುದು. ಹದಿನಾರು ವರ್ಷದ ಆಕೆಯ ಅಣ್ಣ ಐಟಿಐ ಸೇರಬೇಕಾದರೆ, ಅವನ ವಿದ್ಯಾರ್ಥಿವೇತನ ಬರಬೇಕಾದರೆ, ಆ ವರ್ಷದ ಆಯವ್ಯಯದ ಕಡೆ ನೋಡಬೇಕು. ದುಡಿಮೆಯ ಸೆಳೆತ ಅತ್ಯಂತ ಬಲವಾಗಿರುವ ವಯಸ್ಸಿನಲ್ಲಿಯೇ ಕಾನೂನಿನ ಆಸರೆ ತೆಳ್ಳಗಾಗುತ್ತದೆ.

ಗೆರೆಯ ಈಚೆಗಿದ್ದವರನ್ನೂ ದುಡಿಮೆ ಬಿಟ್ಟಿರಲಿಲ್ಲ. ಬಾಲಾನಗರವು 2016ರವರೆಗೆ ಸೇರಿದ್ದ ರಂಗಾರೆಡ್ಡಿ ಜಿಲ್ಲೆಯಲ್ಲಿಯೇ ಎಂ.ವಿ. ಫೌಂಡೇಶನ್ 1991ರಿಂದ ದುಡಿಯುವ ಮಕ್ಕಳನ್ನು ಶಿಬಿರಗಳ ಮೂಲಕ ಸರ್ಕಾರಿ ಶಾಲೆಗೆ ತರುವ ಕೆಲಸವನ್ನು ಕೈಗೊಂಡಿತು. ಅದರ ಮುಂದಾಳು ಶಾಂತಾ ಸಿನ್ಹಾ ಅವರು ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರಿಗೆ 2003ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. 2007ರಲ್ಲಿ ಅವರು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾದರು. ಶಾಲೆಯ ಹೊರಗಿರುವ ಪ್ರತಿ ಮಗುವೂ ದುಡಿಯುವ ಮಗುವೇ, ಅದಕ್ಕೆ ಬೇಕಾದುದು ಸಂಜೆಯ ಪಾಠವಲ್ಲ, ಪೂರ್ಣಾವಧಿಯ ಸರ್ಕಾರಿ ಶಾಲೆ ಎಂಬುದು ಈ ಚಳವಳಿಯ ನಿಲುವು. ಸಾರ್ವಜನಿಕ ಹಣವನ್ನು ಬದಲಿ ವ್ಯವಸ್ಥೆಗಳಿಗೆ ಹಂಚದೆ ಶಾಲೆಯಲ್ಲಿಯೇ ಕ್ರೋಡೀಕರಿಸಬೇಕೆಂಬ ವಾದವೂ ಇದರಲ್ಲಿ ಅಡಗಿದೆ.

6. ರಕ್ಷಣೆಯ ನಾಲ್ಕು ದಾರಿಗಳು

ಕಳೆದ ಕಾಲು ಶತಮಾನದಲ್ಲಿ ಮಕ್ಕಳ ಹಣವನ್ನು ಕಾಪಾಡಲು ಅನುಸರಿಸಿದ ದಾರಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನ್ಯಾಯಾಲಯದ ಆದೇಶ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. ತನ್ನ ಆದೇಶಗಳ ವ್ಯಾಪ್ತಿಗೆ ಬರುವ ಯಾವ ಯೋಜನೆಯನ್ನೂ ತನ್ನ ಪೂರ್ವಾನುಮತಿಯಿಲ್ಲದೆ ನಿಲ್ಲಿಸಬಾರದು, ಕುಗ್ಗಿಸಬಾರದು ಎಂದು 2004ರಲ್ಲಿ ವಿಧಿಸಿತು. ಶಾಸನಕಾರನ ಶಾಪವಚನವು ಇಲ್ಲಿ ನ್ಯಾಯಪೀಠದ ವಾಕ್ಯವಾಗಿ ಮರಳಿದೆ ಎನ್ನಬಹುದು. ಕರ್ನಾಟಕವು 2002ರ ಜೂನ್‌ನಲ್ಲಿ ಬಿಸಿಯೂಟವನ್ನು ಬೀದರ್, ಗುಲಬರ್ಗಾ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆಗಳೆಂಬ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭಿಸಿತು. ಯೋಜನೆಗೆ ಅಕ್ಷರ ದಾಸೋಹವೆಂಬ ಹೆಸರಿಟ್ಟುದು ಶರಣರ ನೆಲದಲ್ಲಿ ಸಹಜವೇ. ಆದರೆ ದಾಸೋಹ ನೀಡುವವನ ಭಕ್ತಿಯನ್ನು ಅವಲಂಬಿಸಿದ್ದು, ಬಿಸಿಯೂಟ ಉಣ್ಣುವವನ ಹಕ್ಕನ್ನು. 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು ಈ ವ್ಯತ್ಯಾಸವನ್ನು ಶಾಸನಬದ್ಧಗೊಳಿಸಿತು.

ಎರಡನೆಯದು ಮೀಸಲು ಉಪಕರ. 2004ರಲ್ಲಿ ಕೇಂದ್ರ ತೆರಿಗೆಗಳ ಮೇಲೆ ಶೇಕಡಾ 2ರ ಶಿಕ್ಷಣ ಉಪಕರವನ್ನು ವಿಧಿಸಿ, ಅದರ ಹಣ ವರ್ಷಾಂತ್ಯದಲ್ಲಿ ರದ್ದಾಗದಂತೆ ಪ್ರಾರಂಭಿಕ ಶಿಕ್ಷಾ ಕೋಶವನ್ನು ರಚಿಸಲಾಯಿತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಮತ್ತೆ ಶೇಕಡಾ 1 ಸೇರಿತು. ಆದರೆ ಈ ಎರಡನೆಯ ಉಪಕರಕ್ಕೆ ಪ್ರತ್ಯೇಕ ಕೋಶದ ಮಂಜೂರಾತಿ ದೊರೆತದ್ದು 2017ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಸಂಗ್ರಹವಾದ 80,000 ಕೋಟಿ ರೂಪಾಯಿಗಳಿಗೂ ಮೀರಿದ ಹಣ ಸಂಚಿತ ನಿಧಿಯಲ್ಲಿಯೇ ಉಳಿದುದನ್ನು ಮಹಾಲೇಖಪಾಲರು ಎತ್ತಿ ತೋರಿಸಿದರು. ಸಾಲೋಟಗಿಯ ಮದುವೆಯ ಕಾಣಿಕೆ ನೇರವಾಗಿ ಶಾಲೆಗೆ ಸೇರುತ್ತಿತ್ತು. ಹಣ ಎತ್ತುವುದಕ್ಕೂ ಅದನ್ನು ಇಡುವ ಪಾತ್ರೆಗೂ ನಡುವೆ ಹತ್ತು ವರ್ಷಗಳ ಅಂತರ ಬಿದ್ದುದು ಆಧುನಿಕ ವ್ಯವಸ್ಥೆಯಲ್ಲಿ. ಇಲ್ಲಿಯೂ ವಂಚಿತವಾದದ್ದು ಹದಿನಾಲ್ಕರ ಆಚೆಗಿನ ವಯಸ್ಸೇ.

ಮೂರನೆಯದು ಮಾರ್ಗಾಂತರವನ್ನು ತಡೆಯುವ ಶಾಸನ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಳ ಹಣ ಬೇರೆ ಕಾಮಗಾರಿಗಳಿಗೆ ಹರಿಯುವುದನ್ನು ತಡೆಯಲು ಆಂಧ್ರಪ್ರದೇಶವೂ ಕರ್ನಾಟಕವೂ 2013ರಲ್ಲಿ ಕಾಯಿದೆಗಳನ್ನು ಮಾಡಿದವು. ತೆಲಂಗಾಣ 2017ರಲ್ಲಿ ತನ್ನದೇ ಕಾಯಿದೆಯನ್ನು ತಂದು, ವೆಚ್ಚವಾಗದೆ ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯುವ ಉಪಬಂಧವನ್ನು ಸೇರಿಸಿತು. ವಿದ್ಯಾರ್ಥಿನಿಲಯ, ವಸತಿಶಾಲೆ, ವಿದ್ಯಾರ್ಥಿವೇತನಗಳು ಈ ಹಣದ ಮುಖ್ಯ ಫಲಾನುಭವಿಗಳು. ಕರ್ನಾಟಕದ ಕಾಯಿದೆಯ 7(ಡಿ) ಪ್ರಕರಣವು ಸಾರ್ವತ್ರಿಕ ಕಾಮಗಾರಿಗಳ ವೆಚ್ಚದ ಒಂದು ಭಾಗವನ್ನು ಇದೇ ಲೆಕ್ಕಕ್ಕೆ ಹಚ್ಚಲು ಎಡೆಗೊಟ್ಟಿತ್ತು. ದಲಿತ ಸಂಘಟನೆಗಳ ದೀರ್ಘ ಒತ್ತಾಯದ ತರುವಾಯ 2023ರಲ್ಲಿ ಅದನ್ನು ತೆಗೆದುಹಾಕಲಾಯಿತು. ಬೇಲಿಯಲ್ಲಿಯೇ ಬಿಟ್ಟ ಕಂಡಿಯನ್ನು ಮುಚ್ಚಲು ಹತ್ತು ವರ್ಷ ಬೇಕಾಯಿತು.

ನಾಲ್ಕನೆಯದು ಲೆಕ್ಕದ ಪ್ರಕಟಣೆ. ಕೇಂದ್ರ ಸರ್ಕಾರವು 2008-09ರಿಂದ ಮಕ್ಕಳಿಗಾಗಿ ಮಾಡುವ ವೆಚ್ಚವನ್ನು ಆಯವ್ಯಯದ ಪ್ರತ್ಯೇಕ ವಿವರಣೆಯಲ್ಲಿ ಮುದ್ರಿಸುತ್ತ ಬಂದಿದೆ. ಕರ್ನಾಟಕ 2020-21ರಲ್ಲಿ ಮಕ್ಕಳ ಆಯವ್ಯಯವನ್ನು ಮಂಡಿಸಿತು. ಪ್ರಕಟಣೆಯೇ ರಕ್ಷಣೆಯಲ್ಲ. ಆದರೆ ಕಲ್ಲಿನಲ್ಲಿ ಕೆತ್ತಿ ಊರ ನಡುವೆ ನಿಲ್ಲಿಸಿದುದರ ಉದ್ದೇಶವೂ ಇದೇ ಆಗಿತ್ತು: ಎಲ್ಲರೂ ಓದಬಲ್ಲದ್ದನ್ನು ಗುಟ್ಟಾಗಿ ಅಳಿಸುವುದು ಕಷ್ಟ. ಈ ದೃಷ್ಟಿಯಿಂದ, 1988ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯು 2021ರಲ್ಲಿ ಸಮಗ್ರ ಶಿಕ್ಷಾ ಅಭಿಯಾನದಲ್ಲಿ ವಿಲೀನವಾದುದು ಗಮನಾರ್ಹ. ವಿಲೀನಕ್ಕೆ ಆಡಳಿತದ ಸಮರ್ಥನೆಗಳು ಇರಬಹುದು. ಆದರೆ ಪ್ರತ್ಯೇಕ ಹೆಸರು ಹೋದ ಮೇಲೆ ಆ ಹೆಸರಿನ ಮಕ್ಕಳಿಗೆ ಎಷ್ಟು ಸಂದಿತೆಂದು ಕೇಳುವುದು ಕಠಿಣವಾಗುತ್ತದೆ.

7. ಗಡಿ ದಾಟಿದ ಮಗು

ಮೇಲ್ಕಂಡ ರಕ್ಷಣೆಗಳೆಲ್ಲ ಒಂದು ನೆಲಕ್ಕೆ ಕಟ್ಟಿಕೊಂಡಿವೆ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿಯೇ ಇವೆಯೆಂದು ತೋರಿಸಿತು. ದೀರ್ಘ ಹೋರಾಟದ ಫಲವಾಗಿ 98ನೆಯ ತಿದ್ದುಪಡಿಯ ಮೂಲಕ ಬಂದ 371ಜೆ ಅನುಚ್ಛೇದವು 2013ರಲ್ಲಿ ಜಾರಿಯಾಯಿತು. ಅದು ಪ್ರತ್ಯೇಕ ಅಭಿವೃದ್ಧಿ ಮಂಡಳಿಗೂ, ಹಣದ ನ್ಯಾಯೋಚಿತ ಹಂಚಿಕೆಗೂ, ಆ ಪ್ರದೇಶದ ಶಿಕ್ಷಣ ಮತ್ತು ವೃತ್ತಿ ತರಬೇತಿ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಸ್ಥಾನ ಮೀಸಲಿಗೂ ಅವಕಾಶ ಮಾಡಿತು. ಹಂಚಿಕೆಯು ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟಿರಬೇಕೆಂಬ ಮಾತೂ ಅದೇ ಅನುಚ್ಛೇದದಲ್ಲಿದೆ. ಮೀಸಲು ಸ್ಥಾನಕ್ಕೆ ಅರ್ಹತೆ ಆ ಪ್ರದೇಶದಲ್ಲಿ ಹುಟ್ಟಿದವರಿಗೆ ಅಥವಾ ನೆಲಸಿದವರಿಗೆ.

ಹಾಗಾದರೆ ಯಾದಗಿರಿಯ ತಂದೆತಾಯಿಗೆ ಬಾಲಾನಗರದಲ್ಲಿ ಹುಟ್ಟಿ ಅಲ್ಲಿಯೇ ಬೆಳೆದ ಮಗುವಿನ ಗತಿಯೇನು? ಹಿಂದುಳಿದಿರುವಿಕೆ ತಂದೆತಾಯಿಯನ್ನು ಊರು ಬಿಡಿಸಿತು. ಆ ಹಿಂದುಳಿದಿರುವಿಕೆಗೆಂದು ಕೊಟ್ಟ ಪರಿಹಾರ ಊರಿನಲ್ಲಿಯೇ ಉಳಿಯಿತು. ಅಂಗನವಾಡಿಯ ಬಾಗಿಲು ಈ ಮಗುವಿಗೂ ತೆರೆದಿದೆ. ಶಾಲೆಯನ್ನು ಸೇರುವ, ರಾಜ್ಯದ ಹೊರಗಿನ ಶಾಲೆಗೂ ವರ್ಗವಾಗುವ ಹಕ್ಕನ್ನು ಶಿಕ್ಷಣ ಹಕ್ಕು ಅಧಿನಿಯಮ ಕೊಡುತ್ತದೆ. ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಬೋಧನೆಯಾಗಬೇಕೆಂದೂ ಅದು ಹೇಳುತ್ತದೆ. ಆದರೆ ಹದಿನಾಲ್ಕರ ಗೆರೆಯನ್ನು ದಾಟಿದ ಬಳಿಕ ಒಂದು ರಾಜ್ಯದ ಆಯವ್ಯಯ ಆ ಹುಡುಗನನ್ನು ಹೊರಗಿನವನೆಂದೂ ಇನ್ನೊಂದು ರಾಜ್ಯದ್ದು ಹೊರಟುಹೋದವನೆಂದೂ ಎಣಿಸಿಬಿಡಬಹುದು.

8. ಉಪಸಂಹಾರ

ಈ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಮಕ್ಕಳ ಹಣಕ್ಕೆ ಕೊಡುವವರ ಔದಾರ್ಯಕ್ಕಿಂತ ಕಟ್ಟಳೆಯ ಆಸರೆ ಹೆಚ್ಚು ಕಾಲ ಬಾಳಿದೆ. ನಾಗಾವಿಯ ದತ್ತಿಯೂ 2001ರ ಆದೇಶವೂ ಇದನ್ನೇ ಹೇಳುತ್ತವೆ. ಎರಡು, ರಕ್ಷಣೆಯ ವಲಯ ಸಾವಿರ ವರ್ಷಗಳಲ್ಲಿ ಜಾತಿ ಮತ್ತು ಲಿಂಗದ ಗೋಡೆಗಳನ್ನು ದಾಟಿ ಹಿಗ್ಗಿದೆ. ಆದರೆ ವಯಸ್ಸಿನ ಮತ್ತು ಗಡಿಯ ಗೆರೆಗಳಲ್ಲಿ ನಿಂತಿದೆ. ಮೂರು, ಯುವಕರ ಕಸುಬಿಗೆ ಹೂಡಿದ ಹಣದ ಫಲ ಹೂಡಿದ ಸಂಸ್ಥೆಯ ಲೆಕ್ಕದಲ್ಲಿ ಕಾಣದೆ ಇಡೀ ನಗರದ ಏಳಿಗೆಯಲ್ಲಿ ಕಾಣುತ್ತದೆ. ಆದ್ದರಿಂದ ಕಡಿತದ ಕತ್ತರಿ ಅದರ ಮೇಲೆ ಸುಲಭವಾಗಿ ಬೀಳುತ್ತದೆ. ಬಾಲಾನಗರ ಈ ಮೂರನೆಯ ಅಂಶಕ್ಕೆ ನಿದರ್ಶನ.

ಕರ್ನಾಟಕದ ಹೊರಗಿರುವ ಸಂಶೋಧಕರು ತಮ್ಮ ತಮ್ಮ ನಗರಗಳ ಕೈಗಾರಿಕಾ ಬಡಾವಣೆಗಳಲ್ಲಿ, ಮುಂಬಯಿಯಲ್ಲಾಗಲಿ ಸೊಲ್ಲಾಪುರದಲ್ಲಾಗಲಿ, ಕನ್ನಡ ಕುಟುಂಬಗಳ ಮಕ್ಕಳಿಗೆ ಸಂದ ಸಾರ್ವಜನಿಕ ಹಣದ ಚರಿತ್ರೆಯನ್ನು ಇದೇ ರೀತಿಯಲ್ಲಿ ಶೋಧಿಸಬೇಕಾಗಿದೆ. ಶಾಲೆಯ ದಾಖಲಾತಿ ಪುಸ್ತಕ, ತರಬೇತಿ ಕೇಂದ್ರದ ಹಾಜರಿಪಟ್ಟಿ, ಆಯವ್ಯಯದ ಅನುಬಂಧಗಳು ನಮ್ಮ ಕಾಲದ ದತ್ತಿಶಾಸನಗಳು. ಕಲ್ಲಿನ ಶಾಸನದಷ್ಟು ಕಾಲ ಅವು ಬಾಳುವುದಿಲ್ಲ. ಅವು ಇರುವಾಗಲೇ ಓದಿಕೊಳ್ಳುವುದು ಅಗತ್ಯ.